ಅಂತೋನಿಯಾಳ ಪಾಲಿಗೆ ಬಂದ ಕಲ್ಲು

ಸಾಂತ್ ಕಾರ್ಲೆಸ್, ಇಬಿಝಾ
24 ಮೇ 1998

ರಿತಾ,

ಮೊದಲು ಒಂದು ಮಾತು ತಿಳಿದುಕೊ. ಈ ದ್ವೀಪದಲ್ಲಿ ಬೆಳಗಿನವರೆಗೆ ಕುಣಿಯುವುದನ್ನು ಕಂಡುಹಿಡಿದವನು ನಾನು. ಪತ್ರಿಕೆಯವರು ಯಾರ್ಯಾರದೋ ಹೆಸರು ಬರೆಯುತ್ತಾರೆ, ಬರೆದುಕೊಳ್ಳಲಿ. ಅರವತ್ತೊಂದನೇ ಇಸವಿಯ ಆಗಸ್ಟಿನಲ್ಲಿ, ನಮ್ಮೂರ ಬಾವಿಕಟ್ಟೆಯ ಕುಣಿತದಲ್ಲಿ, ನಾನೊಬ್ಬನೇ ಏಳು ಗಂಟೆ ನೆಲಕ್ಕೆ ಹಿಮ್ಮಡಿ ಊರದೆ ಕುಣಿದೆ. ಡೋಲಿನವನು ಮೂರ್ಛೆ ಹೋದ. ಅದನ್ನು ನೋಡಿದ ಇಬ್ಬರು ಡಚ್ಚರು ತಮ್ಮೂರಿಗೆ ಓಡಿ, ದುಡ್ಡು ತಂದು, ಇಲ್ಲಿ ಮೊದಲನೆಯ ಡಿಸ್ಕೋ ಕಟ್ಟಿದರು. ಇವತ್ತಿಗೂ ಅದರ ಮಾಲೀಕ ದೀಪ ಹಚ್ಚುವ ಮೊದಲು ನನ್ನನ್ನೊಂದು ಮಾತು ಕೇಳುತ್ತಾನೆ.

ಅಂಥ ಮನುಷ್ಯನ ಮಾನವನ್ನು ನೀನು ಬಾರಿನ ಫೋನಿನಲ್ಲಿ ಹರಾಜು ಹಾಕಿದೆ!

ಬಾರಿನ ಎಸ್ಪೆರಾನ್ಸಾಳ ಗಂಟಲು ನಿನಗೆ ಗೊತ್ತಿಲ್ಲ. ರಿಸೀವರನ್ನು ಕೈಯಲ್ಲಿ ಎತ್ತಿ ಹಿಡಿದು ಆ ಮೂಲೆಯಿಂದ ಕೂಗಿದಳು: "ಷಿಕೂ, ನಿನ್ನ ತಂಗಿ ಮಗಳು! ಸೆಪ್ಟೆಂಬರಲ್ಲಿ ಐದು ಜನ ಹುಡುಗೀರು ರಜಕ್ಕೆ ಬರ್ತಾರಂತೆ. ಅವರಮ್ಮನ ಕೊಲ್ಲಿ ಮನೇಲೇ ಇರ್ತಾರಂತೆ. ಬೀಗದ ಕೈ ಯಾರ ಹತ್ರ ಇದೆ ಅಂತ ಕೇಳ್ತಾಳೆ!"

ಇಡೀ ಬಾರು ಇಸ್ಪೀಟಿನ ಎಲೆ ಕೆಳಗಿಟ್ಟಿತು. ಮೇಲುಮನೆಯ ಮರಿಯಾನು, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ನಾಲ್ಕನೇ ಕ್ಲಾಸಿನವರೆಗೆ ಓದಿದವನು, ಲೋಟದೊಳಗೇ ನಕ್ಕ. "ಯಾವ ಕೊಲ್ಲಿ ಮನೆ, ಷಿಕು?" ಅಂತ ಬೇರೆ ಕೇಳಿದ. ನಾನು ಎದ್ದು ಹೊರಗೆ ಬಂದೆ. ಇನ್ನು ಮೇಲೆ ಏನಿದ್ದರೂ ಕಾಗದದಲ್ಲಿ ಬರಿ. ಅಂಚೆಯವನಿಗೆ ಓದು ಬರುತ್ತದೆ, ಆದರೆ ಸೋಮಾರಿ.

ಸೆಪ್ಟೆಂಬರಿನಲ್ಲಿ ಬರಬೇಡಿ. ಅಜ್ಜನ ಊರಿಗೆ ಯಾರಾದರೂ ರಜಕ್ಕೆ ಬರುತ್ತಾರೇನೇ? ರಜಕ್ಕೆ ಬರುವವರು ಇಂಗ್ಲಿಷರು. ಹಗಲು ಸುಟ್ಟುಕೊಂಡು ರಾತ್ರಿ ವಾಂತಿ ಮಾಡಿಕೊಳ್ಳುತ್ತಾರೆ, ನಾಲ್ಕು ದಿನಕ್ಕೆ ವಿಮಾನ ಹತ್ತುತ್ತಾರೆ. ಜನವರಿಯಲ್ಲಿ ಬಾ. ಬಾದಾಮಿ ಹೂ ಬಿಟ್ಟಿರುತ್ತದೆ. ಹಂದಿ ಕೊಯ್ಯುವ ದಿನ ನಿನ್ನನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ.

ಕೊಲ್ಲಿಯ ದೋಣಿಮನೆಯ ಆಸೆ ಬಿಡು. ಸೂರಿನಲ್ಲಿ ಹಾವು ಸೇರಿಕೊಂಡಿವೆ. ಕರೀ ಹಾವು, ನನ್ನ ತೋಳಿನಷ್ಟು ದಪ್ಪ.

ನಿನ್ನ ಸೋದರಮಾವ,
ಕಾನ್ ರೋಕ ಮನೆತನದ ಹಿರಿಮಗ
ಷಿಕು


ಬಾರ್ಸಿಲೋನಾ
6 ಜೂನ್ 1998

ಮಾವ,

ಹಾವಿನ ವಿಷಯವನ್ನು ಅಮ್ಮನಿಗೆ ಓದಿದೆ. ಅವಳು ಹೊಲಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು. "ಆ ದ್ವೀಪದಲ್ಲಿ ಹಾವೇ ಇಲ್ವಲ್ಲೇ. ಹಾವು ಮುಟ್ಟದ ಮಣ್ಣು ನಮ್ದು ಅಂತ ಅಪ್ಪ ಎದೆ ಉಬ್ಬಿಸ್ಕೊಂಡು ಹೇಳ್ತಿದ್ದ. ಷಿಕು ಎಲ್ಲಿಂದ ತಂದ?" ಅಂದಳು. ಉತ್ತರ ನೀವೇ ಬರೆಯಿರಿ.

ಈಗ ನನ್ನ ಮಾತು ಕೇಳಿ. ನಾವು ಐದು ಜನ ಒಂದೇ ಪಾರ್ಲರಿನಲ್ಲಿ ದಿನಕ್ಕೆ ಹತ್ತು ಗಂಟೆ ನಿಂತು ಊರಿನವರ ತಲೆ ತೊಳೆಯುತ್ತೇವೆ, ಕೂದಲು ಕತ್ತರಿಸುತ್ತೇವೆ. ಬಣ್ಣದ ಔಷಧಿಗೆ ನನ್ನ ಬೆರಳ ಸಂದಿಯೆಲ್ಲ ಬಿರುಕು ಬಿಟ್ಟಿದೆ. ಟಿಪ್ಸು ಬಂದದ್ದನ್ನೆಲ್ಲ ಒಂದು ವರ್ಷ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಈ ನಾಲ್ಕು ದಿನ ಕೂಡಿಸಿದ್ದೇವೆ. ಸೆಪ್ಟೆಂಬರ್ ಹನ್ನೊಂದು ಇಲ್ಲಿ ನಾಡಹಬ್ಬ, ಅದಕ್ಕೆ ಶನಿವಾರ ಭಾನುವಾರ ಸೇರಿಸಿ, ಸೋಮವಾರ ಹೇಗೂ ಪಾರ್ಲರ್ ಮುಚ್ಚಿರುತ್ತದೆ. ಜನವರಿಯಲ್ಲಿ ರಜೆ ಕೇಳಿದರೆ ಮಾಲಕಿ ಕತ್ತರಿ ತೆಗೆದುಕೊಂಡು ಬರುತ್ತಾಳೆ. ಹಡಗಿನ ಟಿಕೆಟ್ಟು ತೆಗೆದಾಯಿತು, ಅದನ್ನು ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಹೋಟೆಲಿಗೆ ನಮ್ಮ ಹತ್ತಿರ ದುಡ್ಡಿಲ್ಲ. ಯಾಕೆ ಇಲ್ಲ ಎಂದರೆ, ಹೋಟೆಲು ಬೇಡ, ನಮ್ಮದೇ ಮನೆ ಇದೆ ಎಂದು ಹೇಳಿದವಳು ನಾನು. ಈಗ ನೂರಿಯಾ ಎಂಬವಳು ದಿನಾ ಚುಚ್ಚುತ್ತಾಳೆ: "ಏನಮ್ಮ ಮಹಾರಾಣಿ, ನಿನ್ನರಮನೆ ಬಾಗಿಲು ತೆಗೆದ್ರಾ?"

ಅದು ಅರಮನೆ ಅಲ್ಲ ಎಂದು ನನಗೆ ಗೊತ್ತು. ಅಜ್ಜ ಪಾಲು ಮಾಡಿದಾಗ ಹಿರಿಮಗ ಎಂದು ನಿಮಗೆ ಕೆಂಪು ಮಣ್ಣಿನ ಹೊಲ, ಬಾದಾಮಿ ಮರ, ಬಾವಿ, ಮನೆ. ಕಿರಿಯವಳು, ಅದರಲ್ಲೂ ಹೆಣ್ಣು ಎಂದು ಅಮ್ಮನಿಗೆ ಸಮುದ್ರದ ದಂಡೆಯ ಕಲ್ಲು. ಏನೂ ಬೆಳೆಯದ ಕಲ್ಲು, ಅದರ ಮೇಲೊಂದು ದೋಣಿಮನೆ. ಊರವರೆಲ್ಲ ಅವಳಿಗೆ ಅಯ್ಯೋ ಪಾಪ ಅಂದರಂತೆ. ಆದರೂ ಅವಳು ಅದನ್ನು ನನ್ನದು ಎಂದೇ ಹೇಳುತ್ತಾಳೆ. ಬೇರೆ ಯಾವುದನ್ನೂ ಅವಳು ಹಾಗೆ ಹೇಳಿದ್ದು ನಾನು ಕೇಳಿಲ್ಲ.

ಎಂಬತ್ತೊಂದರಲ್ಲಿ ಅಜ್ಜಿ ತೀರಿಕೊಂಡಾಗ ಬಂದಿದ್ದೆವು. ನನಗೆ ಒಂಬತ್ತು ವರ್ಷ. ಕೊಲ್ಲಿಗೆ ಹೋಗೋಣ ಎಂದು ಅಮ್ಮ ಎರಡು ಸಲ ಕೇಳಿದಳು. ದಾರಿ ಕೊಚ್ಚಿಹೋಗಿದೆ ಎಂದಿರಿ. ಹದಿನೇಳು ವರ್ಷದಲ್ಲಿ ದಾರಿ ರಿಪೇರಿ ಆಗಿರಬೇಕು.

ಬೀಗದ ಕೈ ಅಂಚೆಯಲ್ಲಿ ಕಳಿಸಿ.

ರಿತಾ


ಸಾಂತ್ ಕಾರ್ಲೆಸ್
19 ಜೂನ್ 1998

ರಿತಾ,

ಏನು ಹುಡುಗಿ, ಏನು ಸೊಕ್ಕು! ನಿನ್ನ ಕಾಗದ ಓದಿ ನನ್ನ ನಾಯಿ ಕೂಡ ಎದ್ದು ಹೋಯಿತು. ಸೋದರಮಾವನಿಗೆ ಬರೆಯುವ ಧಾಟಿಯೇ ಇದು? ವಿದ್ಯುತ್ ಕಚೇರಿಯವರು ನನಗೆ ಇದಕ್ಕಿಂತ ಪ್ರೀತಿಯಿಂದ ಬರೆಯುತ್ತಾರೆ.

ಹಾವು ಮೊದಲು ಇರಲಿಲ್ಲ, ಈಗ ಬಂದಿವೆ. ಮೊದಲು ಇಲ್ಲದ್ದು ಈಗ ಎಷ್ಟು ಬಂದಿಲ್ಲ ಈ ದ್ವೀಪಕ್ಕೆ?

ಆಯಿತು, ಬರುವುದೇ ಆದರೆ ನನ್ನ ಮನೆಗೆ ಬನ್ನಿ. ಮದುವೆಯಾಗದ ಗಂಡಸಿನ ಮನೆ ಎಂದು ಮೂಗು ಮುರಿಯಬೇಡಿ, ಅಟ್ಟದ ಕೋಣೆಯಲ್ಲಿ ಹತ್ತು ಜನ ಮಲಗಬಹುದು. ನಾನು ಕೂತು ನಾಲ್ಕು ದಿನದ ಯೋಜನೆಯನ್ನೇ ಹಾಕಿಬಿಟ್ಟಿದ್ದೇನೆ. ಶುಕ್ರವಾರ ಹಡಗು ಇಳಿದು ಇಲ್ಲಿಗೆ ಬರುವಾಗ ಒಂಬತ್ತಾಗುತ್ತದೆ, ರೊಟ್ಟಿ, ಟೊಮೇಟೊ, ನಾನೇ ಮಾಡಿದ ಖಾರದ ಹಂದಿಮಾಂಸ. ತಿಂದವರು ಸುಮ್ಮನೆ ಕೂರುವುದಿಲ್ಲ ತಾನೇ. ಸೆಪ್ಟೆಂಬರೆಂದರೆ ಬಾದಾಮಿ ಉದುರಿಸುವ ಕಾಲ. ಮರದ ಕೆಳಗೆ ಬಲೆ ಹಾಸಿ, ಕೋಲು ಹಿಡಿದು ಬಡಿಯುವುದು. ನಿಂತು ಕೆಲಸ ಮಾಡಿ ಅಭ್ಯಾಸವಿದ್ದವರಿಗೆ ಅದೇನು ಕಷ್ಟ? ಮಧ್ಯಾಹ್ನ ನಿದ್ದೆ. ಸಂಜೆ ಸಿಪ್ಪೆ ಬಿಡಿಸುತ್ತಾ ಹಾಡು. ಶನಿವಾರವೂ ಅದೇ. ಭಾನುವಾರ ಚರ್ಚು, ಆಮೇಲೆ ನಿನ್ನಜ್ಜಿಯ ಸಮಾಧಿ. ಸಂಜೆ ನಿಮ್ಮನ್ನು ಡಿಸ್ಕೋ ನೋಡಲು ಕರೆದುಕೊಂಡು ಹೋಗುತ್ತೇನೆ, ಹೊರಗಿನಿಂದ. ಒಳಗೆ ಹೋದರೆ ನನ್ನನ್ನು ಬಿಡುವುದಿಲ್ಲ, ಕುಣಿ ಕುಣಿ ಎಂದು ಪೀಡಿಸುತ್ತಾರೆ, ಈ ವಯಸ್ಸಿನಲ್ಲಿ ನನಗೆ ಬೇಡ. ಸೋಮವಾರ ಉಳಿದ ಮರ.

ಇದಕ್ಕಿಂತ ಒಳ್ಳೆಯ ರಜೆಯನ್ನು ಯಾವ ಏಜೆಂಟು ಮಾಡಿಕೊಡುತ್ತಾನೆ? ಆ ನೂರಿಯಾಗೆ ಹೇಳು, ಮಹಾರಾಣಿಯ ಮಾವ ಕೋಲು ಹಿಡಿದುಕೊಂಡು ಕಾಯುತ್ತಿದ್ದಾನೆಂದು.

ಬೀಗದ ಕೈ ತುಕ್ಕು ಹಿಡಿದು ಮುರಿದಿದೆ. ಅಂಚೆಗೆ ಹಾಕಿದರೆ ಅಂಚೆಯವನ ಕೈ ಕೊಯ್ಯುತ್ತದೆ.

ನಿನ್ನಮ್ಮ ಚೆನ್ನಾಗಿದ್ದಾಳೆಯೇ? ಅವಳ ಮೊಣಕಾಲು ಹೇಗಿದೆ ಎಂದು ನೀನು ಬರೆಯಲೇ ಇಲ್ಲ.

ಇನ್ನೂ ನಿನ್ನ ಮೇಲೆ ಸಿಟ್ಟಿರುವ
ಷಿಕು ಮಾವ


ಬಾರ್ಸಿಲೋನಾ
3 ಜುಲೈ 1998

ಷಿಕು ಮಾವ,

ಸಿಟ್ಟು ಏನೆಂದು ಈಗ ನಾನು ಬರೆಯುತ್ತೇನೆ.

ನಿನ್ನೆ ನೂರಿಯಾ ಪ್ರವಾಸದ ಏಜೆಂಟರ ಅಂಗಡಿಯಿಂದ ಬಣ್ಣಬಣ್ಣದ ಪುಸ್ತಕವೊಂದನ್ನು ತಂದಳು. ಯಾವ ಕೊಲ್ಲಿಯಲ್ಲಿ ಯಾವ ಪಾರ್ಟಿ, ಎಷ್ಟು ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಎಲ್ಲ ಇದೆ. ನಾಲ್ಕು ದಿನಕ್ಕೆ ಪಟ್ಟಿ ಮಾಡೋಣ ಎಂದು ಅದನ್ನು ಮನೆಗೆ ತಂದೆ. ಅಮ್ಮ ಬಟಾಣಿ ಸುಲಿಯುತ್ತಾ ನನ್ನ ಹೆಗಲ ಮೇಲಿಂದ ನೋಡುತ್ತಿದ್ದಳು. ಹದಿನಾಲ್ಕನೇ ಪುಟದಲ್ಲಿ ಬಿಳೀ ಹಾಸಿಗೆಗಳು, ಬಿಳೀ ಪರದೆಗಳು, ಅರೆಬೆತ್ತಲೆ ಜನ ಕೈ ಮೇಲೆತ್ತಿ ನಿಂತಿದ್ದಾರೆ. ನಾನು ಪುಟ ತಿರುವಲು ಹೋದೆ. ಅಮ್ಮ ಕೈ ಹಿಡಿದಳು. ಕನ್ನಡಕ ತಂದು ಹಾಕಿಕೊಂಡು ಆ ಜನರ ಹಿಂದಿರುವ ಬಂಡೆಯನ್ನು ಬೆರಳಿನಿಂದ ಮುಟ್ಟಿದಳು. ಕೂತ ನಾಯಿಯ ಹಾಗೆ ಕಾಣುವ ಬಂಡೆ. ಅದರ ಬುಡದಿಂದ ನೀರಿಗೆ ಇಳಿಯುವ ದೋಣಿಯ ಜಾರುದಾರಿ.

"ಇದು ನಮ್ಮಪ್ಪ ಕಡಿದದ್ದು," ಅಂದಳು. ಅಷ್ಟೇ. ಬಟಾಣಿಯ ಪಾತ್ರೆ ತೆಗೆದುಕೊಂಡು ಒಳಗೆ ಹೋದಳು. ತೊಳೆದಿಟ್ಟ ತಟ್ಟೆಗಳನ್ನೆಲ್ಲ ಇನ್ನೊಮ್ಮೆ ತೊಳೆಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಮೊಣಕಾಲು ಹೇಗಿದೆ ಎಂದು ಕೇಳಿದ್ದಿರಿ. ಮೊಣಕಾಲು ಚೆನ್ನಾಗಿದೆ.

ನನ್ನಮ್ಮನ ಜಾಗದಲ್ಲಿ ಆ ಹಾಸಿಗೆಗಳನ್ನು ಹಾಕಿದವರು ಯಾರು? ಒಂದೇ ಪ್ರಶ್ನೆ. ಬಾದಾಮಿ ಬೇಡ, ಹಾವು ಬೇಡ.

ರಿತಾ


ಸಾಂತ್ ಕಾರ್ಲೆಸ್
11 ಜುಲೈ 1998

ಪ್ರೀತಿಯ ರಿತಾ,

ನಾನು ನಿಮಗೆಲ್ಲ ಇದ್ದಕ್ಕಿದ್ದಂತೆ ಹೇಳಿ ಖುಷಿಪಡಿಸಬೇಕೆಂದಿದ್ದೆ. ನೀನು ಅವಸರ ಮಾಡಿ ಎಲ್ಲ ಹಾಳುಮಾಡಿದೆ.

ಆ ಬಿಳೀ ಹಾಸಿಗೆಗಳ ಬಾರು ಒಂದು ಲೆಕ್ಕದಲ್ಲಿ ನಮ್ಮದೇ. ನಾನು ಅದರಲ್ಲಿ ಪಾಲುದಾರ. ಕಾಗದದ ಮೇಲೆ ಅಲ್ಲ, ಈ ದ್ವೀಪದಲ್ಲಿ ದೊಡ್ಡ ವ್ಯವಹಾರ ಯಾವುದೂ ಕಾಗದದ ಮೇಲೆ ನಡೆಯುವುದಿಲ್ಲ, ಕೈಗೆ ಕೈ ಕೊಟ್ಟರೆ ಮುಗಿಯಿತು. ನಿನ್ನಮ್ಮನ ಜಾಗವನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಬಾಡಿಗೆ ಒಂದು ಪೆಸೆಟಾ ಮುಟ್ಟದೆ ಬ್ಯಾಂಕಿನಲ್ಲಿಟ್ಟಿದ್ದೇನೆ. ಎಂಟು ಲಕ್ಷ ಆಗಿದೆ. ಎಂಟೂವರೆಯೂ ಇರಬಹುದು. ಅವಳ ಮುದಿವಯಸ್ಸಿಗೆಂದು.

ಸುಳ್ಳು ಹೇಳುವವನಾಗಿದ್ದರೆ ಇಷ್ಟು ಸಿಟ್ಟು ಬರುತ್ತಿತ್ತೇ ನನಗೆ? ಯೋಚನೆ ಮಾಡು. ಮೂವತ್ತೆರಡು ವರ್ಷ ಒಬ್ಬನೇ ಎಲ್ಲ ನೋಡಿಕೊಂಡೆ. ಒಂದು ದಿನ ಬಂದು ಹೇಗಿದ್ದೀಯ ಅಣ್ಣ ಎಂದವರಿಲ್ಲ. ಈಗ ಬಣ್ಣದ ಪುಸ್ತಕ ಹಿಡಿದುಕೊಂಡು ವಿಚಾರಣೆಗೆ ಕೂತಿದ್ದೀರಿ, ತಾಯಿ ಮಗಳು.

ನಿಮ್ಮ ಮಾವ


ಬಾರ್ಸಿಲೋನಾ
20 ಜುಲೈ 1998

ಮಾವ,

ಪುಸ್ತಕದಲ್ಲಿ ಫೋನ್ ನಂಬರಿತ್ತು. ಪಾರ್ಲರಿನಿಂದಲೇ ಮಾಡಿದೆ, ನಾಲ್ಕು ಜನ ಸುತ್ತ ನಿಂತು ಕೇಳುತ್ತಿದ್ದರು. ಷಿಕು ಅವರ ಸೋದರಸೊಸೆ ಮಾತಾಡುತ್ತಿದ್ದೇನೆ, ನಿಮ್ಮ ಪಾಲುದಾರರು, ಎಂದೆ.

"ಯಾವ ಷಿಕು?" ಅಂದರು.

ಸಾಂತ್ ಕಾರ್ಲೆಸಿನ ಷಿಕು ಎಂದೆ. ಆ ಕಡೆ ಯಾರೋ ಯಾರನ್ನೋ ಕೇಳಿದರು. ನಗು ಕೇಳಿಸಿತು. ಆಮೇಲೆ ಒಬ್ಬಳು ಬಹಳ ಮರ್ಯಾದೆಯಿಂದ, ಬಿಳೀ ಹಾಸಿಗೆ ಒಂದಕ್ಕೆ ದಿನಕ್ಕೆ ನಾಲ್ಕು ಸಾವಿರ ಪೆಸೆಟಾ, ಟವೆಲ್ ಬೇರೆ, ಎಂದಳು. ಮುಂಗಡ ಕಳಿಸಬೇಕಂತೆ. ಜಾಗ ಯಾರದೆಂದು ಕೇಳಿದೆ. ಎಂಬತ್ತಾರರಲ್ಲಿ ಕಂಪನಿ ಕೊಂಡದ್ದು, ಸಾಂತ್ ಕಾರ್ಲೆಸಿನ ಮರಿಯಾನು ಎಂಬವರಿಂದ, ಎಂದಳು.

ನೂರಿಯಾ ನಗಲಿಲ್ಲ. ಅವಳು ನಕ್ಕಿದ್ದರೆ ನಾನು ಅಲ್ಲೇ ಜಗಳವಾಡಿ ಹಗುರಾಗುತ್ತಿದ್ದೆ. ಅವಳು ಒಂದು ಕುರ್ಚಿ ಎಳೆದು ನನ್ನನ್ನು ಕೂರಿಸಿದಳು.

ಮೂವತ್ತೆರಡು ವರ್ಷದ ಹಿಂದೆ ಊರು ಬಿಡುವಾಗ, ಕಂದಾಯ ಕಟ್ಟಲಿಕ್ಕೆ ಸುಲಭವಾಗಲಿ ಎಂದು ಅಮ್ಮ ನಿಮಗೆ ಮುಖ್ತ್ಯಾರನಾಮೆ ಬರೆದುಕೊಟ್ಟಿದ್ದಳಂತೆ. ಆ ಕಾಗದ ಹಿಡಿದುಕೊಂಡು ನೀವು ಜಾಗವನ್ನು ಆ ಮರಿಯಾನುವಿಗೆ ಮಾರಿದಿರಿ. ನನ್ನ ರಜೆ ಹಾಳಾಯಿತೆಂದು ಬರೆಯುತ್ತಿಲ್ಲ. ರಜೆ ಹಾಳಾಗಲಿ.

ನಾನು ವಕೀಲರ ಹತ್ತಿರ ಹೋಗೋಣ ಎಂದೆ. ಅಮ್ಮ ಬೇಡ ಅಂದಳು. "ದುಡ್ಡು ಕೇಳ್ಬೇಡ ಅವನನ್ನ. ಎಷ್ಟಕ್ಕೆ ಅಂತ ಕೇಳು. ಎಷ್ಟಕ್ಕೆ ಕೊಟ್ಟ ಅಂತ ಅಷ್ಟು ಹೇಳ್ಲಿ. ಇದೊಂದು ಸಲ ನಿಜ ಹೇಳ್ಲಿ." ಹೀಗಂದು ರೇಡಿಯೋ ಹಾಕಿಕೊಂಡು ಕೂತಳು.

ಅವಳು ಕೇಳಿದ್ದನ್ನು ನಾನು ಬರೆದಿದ್ದೇನೆ. ನನ್ನ ಕಡೆಯಿಂದ ಕೇಳುವುದಿದ್ದರೆ ಅದು ಕಾಗದದಲ್ಲಿ ಬರೆಯುವಂಥದ್ದಲ್ಲ.

ರಿತಾ


ಬಾರ್ಸಿಲೋನಾ
14 ಆಗಸ್ಟ್ 1998
(ಅಂಚೆ ಕಾರ್ಡು)

ಮಾವ, ಇಪ್ಪತ್ತೈದು ದಿನ ಆಯಿತು. ಮೊದಲೆರಡು ವಾರ ಅಮ್ಮ ಕೆಳಗೆ ಹೋಗಿ ಅಂಚೆಪೆಟ್ಟಿಗೆ ನೋಡಿ ಬರುತ್ತಿದ್ದಳು. ಈಗ ನೋಡುವುದಿಲ್ಲ. ಟಿಕೆಟ್ಟು ಇದೆ, ಆದ್ದರಿಂದ ನಾವು ಬರುತ್ತೇವೆ. ಎಲ್ಲಿ ಮಲಗುತ್ತೇವೆ ಎಂಬುದು ನಿಮಗೆ ಸಂಬಂಧಿಸಿದ್ದಲ್ಲ. ಅಮ್ಮನೂ ಬರುತ್ತೇನೆ ಎಂದು ಒಮ್ಮೆ ಅಂದಿದ್ದಳು, ಈಗ ಆ ಮಾತೆತ್ತುತ್ತಿಲ್ಲ. ರಿತಾ


ಸಾಂತ್ ಕಾರ್ಲೆಸ್
30 ಆಗಸ್ಟ್ 1998

ಅಂತೋನಿಯಾ,

ಇದು ರಿತಾಗೆ ಬರೆದದ್ದಲ್ಲ. ಅವಳ ಕೈಯಲ್ಲಿ ಓದಿಸಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು.

ಮೊದಲು ನಿನಗೆ ಬೈದುಬಿಡುತ್ತೇನೆ, ಇಲ್ಲದಿದ್ದರೆ ಮುಂದಕ್ಕೆ ಬರೆಯಲಾಗುವುದಿಲ್ಲ. ಆ ಕಾಗದಕ್ಕೆ ಓದದೆ ರುಜು ಹಾಕು ಎಂದು ನಿನಗೆ ಹೇಳಿದವರು ಯಾರು? ಹಡಗು ಹೊರಡುತ್ತೆ, ಬೇಗ ಕೊಡು ಎಂದೆ. ಹಾಕಿಬಿಟ್ಟೆ. ಒಂದು ಸಲ ನನ್ನ ಮುಖ ನೋಡಬಾರದಿತ್ತೇ? ಆಮೇಲೆ ಮೂವತ್ತೆರಡು ವರ್ಷ ಕ್ರಿಸ್‌ಮಸ್ಸಿಗೆ ಕಾರ್ಡು ಹಾಕಿದೆಯಲ್ಲ, ಪ್ರತಿ ಸಲವೂ "ಕೊಲ್ಲಿಯನ್ನು ನೋಡಿಕೊಂಡದ್ದಕ್ಕೆ ಅಣ್ಣನಿಗೆ ಉಪಕಾರ" ಎಂದು ಬರೆದೆಯಲ್ಲ, ಆ ಕಾರ್ಡು ಬಂದ ದಿನ ನಾನು ಊಟ ಮಾಡುತ್ತಿರಲಿಲ್ಲ. ಯಾರಾದರೂ ಯಾರನ್ನಾದರೂ ಇಷ್ಟು ನಂಬುತ್ತಾರೇನೇ, ಪೆದ್ದಿ?

ಹೋದ ಮಂಗಳವಾರ ಕೊಲ್ಲಿಗೆ ಹೋಗಿದ್ದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಅಮ್ಮನ ಮಣ್ಣಿಗೆ ಹಾಕಿಕೊಂಡಿದ್ದ ಕರೀ ಕೋಟು ಹಾಕಿಕೊಂಡೆ. ಅಲ್ಲಿ ಬಟ್ಟೆ ಹಾಕಿಕೊಂಡವನು ನಾನೊಬ್ಬನೇ. ಮ್ಯಾಡ್ರಿಡ್ಡಿನ ಹುಡುಗನೊಬ್ಬ ಮ್ಯಾನೇಜರಂತೆ, ಕಿವಿಯಲ್ಲಿ ವೈರು ಸಿಕ್ಕಿಸಿಕೊಂಡು ಬಂದ.

"ಬುಕಿಂಗ್ ಇದೆಯಾ ಸರ್?"

"ಈ ಜಾರುದಾರಿ ಕಡಿದದ್ದು ನಮ್ಮಪ್ಪ. ಎರಡು ಚಳಿಗಾಲ ಉಳಿ ಹಿಡಿದು ಕಡಿದ," ಅಂದೆ.

"ಅದ್ಭುತ ಸರ್. ನಮ್ಮ ಅತಿಥಿಗಳಿಗೆ ತುಂಬಾ ಇಷ್ಟ ಅದು. ಒಬ್ಬರೇನಾ?"

"ದೋಣಿಮನೆ ಎಲ್ಲಿ?"

"ಅದಾ? ಅದೀಗ ಮಾಲೀಶ್ ರೂಮು ಸರ್. ಬಿಸಿ ಕಲ್ಲು ಇಟ್ಟು ಮಾಡ್ತಾರೆ. ಹೇಳ್ಲಾ?"

ಬಿಸಿ ಕಲ್ಲು, ಅಂತೋನಿಯಾ! ನಿನ್ನ ಕಲ್ಲು ಕಾಯಿಸಿ ಬೆನ್ನ ಮೇಲಿಟ್ಟು ದುಡ್ಡು ತೆಗೆದುಕೊಳ್ಳುತ್ತಾರೆ!

ಆದರೂ ನಾನು ದನಿ ಏರಿಸಲಿಲ್ಲ. ಬೇಕಾದರೆ ನಂಬು. "ನೋಡಪ್ಪಾ, ಸೆಪ್ಟೆಂಬರಲ್ಲಿ ಆರು ಹೆಂಗಸರು ಬರ್ತಾರೆ. ಅದರಲ್ಲಿ ಒಬ್ಬಳು ಈ ಮನೇಲಿ ಹುಟ್ಟಿದವಳಷ್ಟೇ ಸರಿ. ನಾಲ್ಕು ರಾತ್ರಿ ಆ ದೋಣಿಮನೇಲಿ ಮಲಗ್ಲಿ. ಹಾಸಿಗೆ ನಾನೇ ತರ್ತೀನಿ. ಬೆಳಗಾದ್ರೆ ಗುಡಿಸಿ ಕೊಡ್ತೀನಿ," ಅಂದೆ.

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಮಲಗೋದಾ?" ಅಂದ. "ಸರ್, ಇಲ್ಲಿ ಯಾರೂ ಮಲಗಲ್ಲ."

ನಾನು ಹೋಗಿ ಒಂದು ಬಿಳೀ ಹಾಸಿಗೆಯ ಮೇಲೆ ಬೂಟು ಸಮೇತ ಮಲಗಿದೆ. ನೋಡು, ಮಲಗಿದ್ದೀನಿ, ಎಂದು ಕೂಗಿದೆ. ಇಬ್ಬರು ದಾಂಡಿಗರು ಬಂದು ನನ್ನನ್ನು ಹಾಸಿಗೆಯಿಂದ ಎತ್ತಿ, ಮಗುವನ್ನು ಎತ್ತಿಕೊಳ್ಳುವಷ್ಟೇ ಮೆತ್ತಗೆ, ಮೊಪೆಡ್ಡಿನ ಮೇಲೆ ಕೂರಿಸಿದರು. ಹೊಡೆದಿದ್ದರೆ ಚೆನ್ನಾಗಿತ್ತು. ಊರಲ್ಲಿ ಹೇಳಿಕೊಳ್ಳಲಿಕ್ಕಾದರೂ ಆಗುತ್ತಿತ್ತು.

ಅಲ್ಲಿಂದ ನೆಟ್ಟಗೆ ಎಸ್ಪೆರಾನ್ಸಾಳ ಬಾರಿಗೆ ಹೋಗಿ ಮರಿಯಾನುವಿನ ಎದುರು ನಿಂತೆ. ಇಡೀ ಬಾರಿನ ಮುಂದೆ ಅವನ ಇಸ್ಪೀಟು ಕಿತ್ತು ನೆಲಕ್ಕೆಸೆದೆ.

"ನನ್ನ ತಂಗಿಗೆ ಮೋಸ ಮಾಡಿದ ಕಳ್ಳ ನೀನು!" ಅಂದೆ.

ಅವನು ಬಗ್ಗಿ ಎಲೆಗಳನ್ನು ಒಂದೊಂದಾಗಿ ಹೆಕ್ಕಿಕೊಂಡ. ಸೊಂಟ ಹಿಡಿದುಕೊಂಡು ಎದ್ದ. "ನಾನೇನೋ ಮೋಸ ಮಾಡಿದ್ದು, ಷಿಕು? ಕಲ್ಲು ಕೊಟ್ಟು ಮರಿಯಾನುವಿನ ತಲೆ ಬೋಳಿಸ್ದೆ ಅಂತ ಇಪ್ಪತ್ತು ವರ್ಷ ಇದೇ ಕುರ್ಚೀಲಿ ಕೂತು ಹೇಳ್ದವನು ಯಾರು? ನನ್ನ ಹೆಂಡ್ತಿ ಮೂರು ತಿಂಗಳು ಮಾತು ಬಿಟ್ಟಿದ್ಲು, ಉಪ್ಪುಕಲ್ಲಿಗೆ ದುಡ್ಡು ಸುರಿದು ಬಂದೆ ಅಂತ. ನೀವೆಲ್ಲ ನಗ್ತಿದ್ರಿ. ನಾನೂ ನಂಬಿದ್ದೆ ಕಣೋ, ನೀನು ನನಗೆ ಟೋಪಿ ಹಾಕ್ದೆ ಅಂತ."

ಬಾರಿನಲ್ಲಿದ್ದವರೆಲ್ಲ ತಮ್ಮ ತಮ್ಮ ಎಲೆ ನೋಡಿಕೊಂಡರು. ಎಲ್ಲರಿಗೂ ಗೊತ್ತಿತ್ತು. ಯಾರೂ ನಿನಗೆ ಬರೆದಿರಲಿಲ್ಲ.

ಅವನು ಹೇಳಿದ್ದು ನಿಜ. ಅರವತ್ತೇಳರಲ್ಲಿ ನಾನು ಮಾಡಿದ್ದು ಇಷ್ಟು. ಬಾವಿಗೆ ಒಂದು ಡೀಸೆಲ್ ಪಂಪು ಬೇಕಿತ್ತು. ಪಂಪಿದ್ದರೆ ಕೆಂಪು ಹೊಲದಲ್ಲಿ ಎರಡು ಬೆಳೆ. ಕೈಯಲ್ಲಿ ದುಡ್ಡಿರಲಿಲ್ಲ. ನಿನ್ನ ಕಲ್ಲು ಸುಮ್ಮನೆ ಬಿದ್ದಿತ್ತು. ಮೇಕೆ ಕೂಡ ಹೋಗದ ಜಾಗ. ಸಮುದ್ರವನ್ನು ಮಾರಿ ನೀರು ತಂದೆ ಎಂದುಕೊಂಡೆ. ಇದಕ್ಕಿಂತ ಜಾಣ ಈ ದ್ವೀಪದಲ್ಲಿ ಹುಟ್ಟಿಲ್ಲ ಎಂದುಕೊಂಡೆ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ, ಖಂಡಿತ ತಟ್ಟುತ್ತಿದ್ದ. ಬೆಳೆ ಬಂದಾಗ ನಿನಗೆ ನಿನ್ನ ಭಾಗ ಕಳಿಸುವುದು ಎಂದಿತ್ತು. ಮೊದಲ ವರ್ಷ ಸಾಲ ಇತ್ತು, ಎರಡನೇ ವರ್ಷ ಮಳೆ ಇರಲಿಲ್ಲ, ಮೂರನೇ ವರ್ಷದ ಹೊತ್ತಿಗೆ ಹೇಳದೇ ಇರುವುದು ಅಭ್ಯಾಸವಾಗಿತ್ತು.

ಪಂಪು ಹನ್ನೆರಡು ವರ್ಷ ಎಳೆಯಿತು. ಅಷ್ಟರಲ್ಲಿ ದಂಡೆಯುದ್ದಕ್ಕೂ ಹೋಟೆಲುಗಳು ಬಾವಿ ಕೊರೆದವು. ನೆಲದಡಿಯಲ್ಲಿ ಸಮುದ್ರ ಒಳಗೆ ನುಗ್ಗಿತು. ನಮ್ಮ ಬಾವಿಯ ನೀರು ಈಗ ಬಾಯಿಗೆ ಹಾಕಲಾಗುವುದಿಲ್ಲ, ಲಾರಿಯಲ್ಲಿ ತರಿಸಿಕೊಳ್ಳುತ್ತೇನೆ. ಸಿಟ್ಟು ಯಾರ ಮೇಲೆ ಮಾಡಲಿ ಹೇಳು? ಇಂಗ್ಲಿಷರ ಮೇಲೆ ಮಾಡಿದೆ, ಮರಿಯಾನುವಿನ ಮೇಲೆ ಮಾಡಿದೆ, ನಿನ್ನ ಮಗಳ ಮೇಲೆ ಮಾಡಿದೆ. ಆ ಹುಡುಗಿ ಕೇಳಿದ್ದು ನಾಲ್ಕು ದಿನಕ್ಕೆ ಒಂದು ಬೀಗದ ಕೈ.

ಅಟ್ಟದ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಆರು ಹಾಸಿಗೆ. ಬಾದಾಮಿ ನಾನೊಬ್ಬನೇ ಉದುರಿಸಿ ಮುಗಿಸಿದ್ದೇನೆ, ಹುಡುಗಿಯರು ಕೋಲು ಮುಟ್ಟಬೇಕಾಗಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಬಂದರೂ ಬಾಗಿಲು ತೆರೆದಿರುತ್ತದೆ. ನೀನು ಬರುತ್ತೀಯೋ ಇಲ್ಲವೋ ಅದನ್ನು ನಾನು ಕೇಳುವ ಹಾಗಿಲ್ಲ. ಬಂದರೆ, ಕೊಲ್ಲಿಗೆ ಹೋಗುವ ದಾರಿ ಚೆನ್ನಾಗಿದೆ. ಎಂಬತ್ತೊಂದರಲ್ಲೂ ಚೆನ್ನಾಗಿತ್ತು.

ಇನ್ನು ನೀನು ಕೇಳಿದ್ದು.

ಊರವರನ್ನು ಕೇಳಿದರೆ ನಾಲ್ಕು ಕೋಟಿ ಎನ್ನುತ್ತಾರೆ. ಅದು ಕಂಪನಿಯವರು ಮರಿಯಾನುವಿಗೆ ಕೊಟ್ಟದ್ದು. ಆ ಸಂಖ್ಯೆಯನ್ನು ನಾನೂ ಗಟ್ಟಿಯಾಗಿ ಹೇಳಬಲ್ಲೆ, ನಾಲ್ಕು ಕೋಟಿ ಕಳೆದವನೆಂದರೆ ಜನ ತಿರುಗಿ ನೋಡುತ್ತಾರೆ, ಅದರಲ್ಲೂ ಒಂದು ಗತ್ತಿದೆ. ನೀನು ಕೇಳಿದ್ದು ಅದಲ್ಲ. ನನ್ನ ಕೈಗೆ ಬಂದದ್ದೆಷ್ಟು ಎಂದು. ಅದು ಗೊತ್ತಿರುವುದು ನನಗೆ ಮತ್ತು ಮರಿಯಾನುವಿಗೆ. ಅಷ್ಟು ಜಗಳದಲ್ಲೂ ಅವನು ಅದನ್ನು ಬಾಯಿಬಿಡಲಿಲ್ಲ, ಆ ಮಟ್ಟಿಗೆ ಮನುಷ್ಯ.

ರಿತಾಗೆ ಎಂಟು ಲಕ್ಷ ಎಂದೆ. ಸುಳ್ಳು. ಬಾರಿನಲ್ಲಿ ಎರಡು ಲಕ್ಷ ಎಂದು ಹೇಳಿಕೊಂಡು ತಿರುಗಿದೆ. ಅದೂ ಸುಳ್ಳು.

ನಲವತ್ತೆರಡು ಸಾವಿರ ಪೆಸೆಟಾ.

ಇಲ್ಲ, ತಡಿ. ಅದು ಕೈಗೆ ಕೈ ಕೊಟ್ಟಾಗ ಆದ ಮಾತು. ಎಣಿಸಿ ಕೊಡುವಾಗ ಸ್ವಲ್ಪ ಕಡಿಮೆ ಇತ್ತು, ಉಳಿದದ್ದನ್ನು ಬಾದಾಮಿ ಮಾರಿ ಕೊಡುತ್ತೇನೆ ಎಂದ. ನಾನು ಕೇಳಲೇ ಇಲ್ಲ. ಬೆಲೆಯಿಲ್ಲದ ಕಲ್ಲು ಕೊಟ್ಟು ಬಡಪಾಯಿಗೆ ಅಷ್ಟೊಂದು ಮೋಸ ಮಾಡಿದ ಮೇಲೆ ಮತ್ತೆ ಕೇಳಲು ನಾಚಿಕೆಯಾಯಿತು.

ಕೈಗೆ ಬಂದದ್ದು ಮೂವತ್ತೆಂಟು ಸಾವಿರ.

ನಿನ್ನ ಅಣ್ಣ,
ಷಿಕು